ಹತ್ತು ಸೆಂಟ್ ನೀರು, ಎಷ್ಟು ಇಂಚು ಹಿಮ?

ಪ್ರಶ್ನೆ: ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಅರೇಬಿಕಾ ಕೊಯ್ಲು ಮುಗಿಸಿ ಜನವರಿ 25ಕ್ಕೆ ನಾನೂ ನನ್ನ ಹೆಂಡತಿಯೂ ಹೊರಡುತ್ತಿದ್ದೇವೆ. ದಿನಾ ಫೋನಿನಲ್ಲಿ ಅಲ್ಲಿನ ಹವಾಮಾನ ನೋಡ್ತೀನಿ. ಮುಂದಿನ ಗುರುವಾರಕ್ಕೆ ಮೊದಲು 4 ಇಂಚು ಹಿಮ ಅಂತ ಇತ್ತು. ಮಾರನೇ ದಿನ 1 ಇಂಚಾಯ್ತು. ಇವತ್ತು ಏನೂ ಇಲ್ಲ. ಆದರೆ ಚಳಿ ಮಾತ್ರ ಮೈನಸ್ 25 ಅಂತ ಹಾಗೇ ಇದೆ. ಅದರ ಕೆಳಗೆ ‘ಅನುಭವಕ್ಕೆ ಮೈನಸ್ 37’ ಅಂತ ಬೇರೆ ತೋರಿಸುತ್ತೆ. ಯಾವುದನ್ನು ನಂಬೋದು? ಇನ್ನೊಂದು ಪ್ರಶ್ನೆ. ಈ ವಾರ ಬೆಳಿಗ್ಗೆ ನಮ್ಮ ಗದ್ದೆ ಬೆಳ್ಳಗಿರುತ್ತೆ. ಕೊಡಗಿನಲ್ಲೂ ಹಿಮ ಬೀಳೋ ಕಾಲ ಬರುತ್ತಾ?
ಕಾಫಿ ಬೆಳೆಗಾರರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ. ಮೂರು ದಿನದಲ್ಲಿ ಹಿಮ 4 ಇಂಚಿನಿಂದ ಸೊನ್ನೆಗೆ ಇಳಿಯಿತು, ಚಳಿ ಕದಲಲಿಲ್ಲ. ನಿಮ್ಮ ಫೋನ್ ಕೆಟ್ಟಿಲ್ಲ. ಚಳಿಗಾಲದ ಮುನ್ಸೂಚನೆಯ ಗುಣವೇ ಅದು. ದೊಡ್ಡ ಚಳಿ ಒಂದು ವಾರ ಮೊದಲೇ ಕಣ್ಣಿಗೆ ಬೀಳುತ್ತದೆ. ಸಣ್ಣ ಹಿಮ ಹಿಂದಿನ ದಿನದವರೆಗೂ ಕೈಗೆ ಸಿಗುವುದಿಲ್ಲ. ಹಾಗಾಗಿ ಚಳಿಯ ಅಂಕಿ ನಂಬಿ ಬಟ್ಟೆ ಕಟ್ಟಿಕೊಳ್ಳಿ. ಹಿಮದ ಇಂಚು ನಂಬಿ ಈಗಲೇ ಏನನ್ನೂ ತೀರ್ಮಾನಿಸಬೇಡಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಾನು ಮಡಿಕೇರಿಯವನು. ಮುನ್ಸೂಚನೆಯ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಕೆಲವು ಚಳಿಗಾಲಗಳನ್ನು ನಿಮ್ಮ ಮಗಳ ಊರಿನಲ್ಲೇ ಕಳೆದಿದ್ದೇನೆ.

ಮೊದಲು ಚಳಿಯ ವಿಷಯ. ಜನವರಿ ರಾತ್ರಿ ಬೈಕಿನಲ್ಲಿ ತೋಟದ ಏರಿನಿಂದ ಗದ್ದೆ ಬಯಲಿಗೆ ಇಳಿಯುವಾಗ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮೇಲೆ ಇಲ್ಲದ ಚಳಿ ತಟ್ಟನೆ ಮೊಣಕಾಲಿಗೆ ಬಡಿಯುತ್ತದೆ. ಬಯಲು ದಾಟಿ ಮತ್ತೆ ಏರು ಹತ್ತಿದರೆ ಗಾಳಿ ಬೆಚ್ಚಗಾಗುತ್ತದೆ. ತಣ್ಣನೆ ಗಾಳಿ ಭಾರ. ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಆರ್ಕ್ಟಿಕ್ ಚಳಿಯ ಹುಟ್ಟೂ ಇದೇ ರೀತಿ, ಅಳತೆ ಮಾತ್ರ ಬೇರೆ. ಉತ್ತರ ಧ್ರುವದ ಸುತ್ತ ಚಳಿಗಾಲದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಹಿಮ ಹೊದ್ದ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಗುಡ್ಡೆ ಬೀಳುತ್ತದೆ. ಸೈಬೀರಿಯಾ, ಅಲಾಸ್ಕಾ, ಕೆನಡಾದ ಯೂಕಾನ್, ಇವೆಲ್ಲ ಆ ಗಾಳಿಯ ಉಗ್ರಾಣಗಳು. ಒಂದೊಂದು ಗುಡ್ಡೆಯೂ ಸಾವಿರಾರು ಕಿಲೋಮೀಟರ್ ಅಗಲ ಇರಬಹುದು.

ಇಷ್ಟು ದೊಡ್ಡ ವಸ್ತು ಕದ್ದು ಬರಲಾರದು. ಜಗತ್ತಿನಾದ್ಯಂತ ನೂರಾರು ಕಡೆ ದಿನಕ್ಕೆರಡು ಸಲ ಬಲೂನ್ ಹಾರಿಸಿ ಗಾಳಿಯ ಉಷ್ಣತೆ, ತೇವ, ಒತ್ತಡ ಅಳೆಯುತ್ತಾರೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30ರ ಮತ್ತು ಸಂಜೆ 5:30ರ ಲೆಕ್ಕಕ್ಕೆ. ನಮ್ಮ ಹತ್ತಿರದಲ್ಲಿ ಮಂಗಳೂರು, ಬೆಂಗಳೂರಿನಿಂದಲೂ ಹಾರಿಸುತ್ತಾರೆ. ಅದರ ಮೇಲೆ ಉಪಗ್ರಹಗಳ ಕಣ್ಣು. ಯೂಕಾನಿನಲ್ಲಿ ಗುಡ್ಡೆ ಬಿದ್ದ ಗಾಳಿ ಯಾವ ದಾರಿ ಹಿಡಿಯುತ್ತದೆ ಅನ್ನೋದನ್ನು ಕಂಪ್ಯೂಟರ್ ಮಾದರಿಗಳು ಈಗ ಚೆನ್ನಾಗಿಯೇ ಹೇಳುತ್ತವೆ.

ಆ ದಾರಿಗೆ ತಡೆಯೂ ಇಲ್ಲ. ಅಮೆರಿಕದ ರಾಕಿ ಬೆಟ್ಟಸಾಲು ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದೆ. ಅದರ ಪೂರ್ವಕ್ಕೆ ಆರ್ಕ್ಟಿಕ್ ಸಮುದ್ರದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಅಡ್ಡಗೋಡೆ ಅಂತ ಒಂದು ಬೆಟ್ಟಸಾಲು ಇಲ್ಲ. ನಮಗೆ ಹಿಮಾಲಯ ಇದೆ, ಪಶ್ಚಿಮದಿಂದ ಪೂರ್ವಕ್ಕೆ ಅಡ್ಡ ಮಲಗಿದೆ. ಸೈಬೀರಿಯಾದ ಗಾಳಿ ನೇರ ನುಗ್ಗಲು ಬಿಡುವುದಿಲ್ಲ. ಇಲ್ಲಿ ಬೀದರ್, ಕಲಬುರಗಿ, ವಿಜಯಪುರದ ಕಡೆ ಶೀತಗಾಳಿ ಅಂತ ಎಚ್ಚರಿಕೆ ಕೊಡುವುದು 10 ಡಿಗ್ರಿ ಆಸುಪಾಸಿಗೆ. ಅಲ್ಲಿ ಅದೇ ಮಾತನ್ನು ಮೈನಸ್ 30ರ ಹತ್ತಿರ ಆಡುತ್ತಾರೆ.

2019ರ ಜನವರಿ 30ರಂದು ಮಿನಿಯಾಪೊಲಿಸ್ ಮೈನಸ್ 33 ಡಿಗ್ರಿ ಕಂಡಿತು. ಷಿಕಾಗೊ ಕೂಡ ಮೈನಸ್ 30ರ ಕೆಳಗೆ ಹೋಯಿತು. ಅಂಚೆಯವರು ಹಲವು ರಾಜ್ಯಗಳಲ್ಲಿ ಕಾಗದ ಹಂಚುವುದನ್ನೇ ನಿಲ್ಲಿಸಿದರು. ಆ ಚಳಿ ಒಂದು ವಾರ ಮುಂಚೆಯೇ ಮುನ್ಸೂಚನೆಯಲ್ಲಿ ಕಾಣಿಸಿಕೊಂಡಿತ್ತು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದ್ದೂ ಹಾಗೇ. ಗಾಳಿ ಬರುವುದು ಗೊತ್ತಿತ್ತು. ಆದರೆ ವಿದ್ಯುತ್ ವ್ಯವಸ್ಥೆ ಅದಕ್ಕೆ ತಯಾರಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮುನ್ಸೂಚನೆ ಸರಿಯಾಗಿದ್ದೂ ಜನ ಸತ್ತಾಗ ಆಗುವ ಸಂಕಟ, ಮುನ್ಸೂಚನೆ ತಪ್ಪಿದಾಗ ಆಗುವುದಕ್ಕಿಂತ ದೊಡ್ಡದು.

ಆಗೆಲ್ಲ ಟಿವಿಯಲ್ಲಿ ‘ಪೋಲಾರ್ ವೋರ್ಟೆಕ್ಸ್ ಬಂತು’ ಅಂತ ಕೇಳಿರುತ್ತೀರಿ. ಅದು ಬರುವ ಬಿರುಗಾಳಿ ಅಲ್ಲ. ಪ್ರತಿ ಚಳಿಗಾಲದಲ್ಲೂ ಧ್ರುವದ ಮೇಲೆ, ವಿಮಾನ ಹಾರುವ ಎತ್ತರಕ್ಕಿಂತ ಬಹಳ ಮೇಲೆ, ಗಿರಗಿರ ತಿರುಗುತ್ತಲೇ ಇರುವ ಗಾಳಿಯ ಚಕ್ರ ಅದು. ಜೋರಾಗಿ ತಿರುಗುವಷ್ಟು ಕಾಲ ತಣ್ಣನೆ ಗಾಳಿಯನ್ನು ತನ್ನ ಸುತ್ತಲೇ ಹಿಡಿದಿಡುತ್ತದೆ. ಕೆಲವು ವರ್ಷ ಅಲ್ಲಿ ಮೇಲುಗಡೆ ಇದ್ದಕ್ಕಿದ್ದಂತೆ ಬಿಸಿಯೇರಿ ಆ ಚಕ್ರ ಒಡೆಯುತ್ತದೆ, ಇಲ್ಲವೇ ವಾಲುತ್ತದೆ. ಮೇಲುಗಡೆ ಹೀಗೆ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ ಅಂತ ಮೊದಲು ಕಂಡುಕೊಂಡವರು ಜರ್ಮನಿಯ ರಿಚರ್ಡ್ ಶೆರ್‌ಹಾಗ್, 1952ರಲ್ಲಿ ಬರ್ಲಿನ್‌ನ ಮೇಲೆ. 2019ರಲ್ಲೂ 2021ರಲ್ಲೂ ಜನವರಿ ಮೊದಲ ವಾರದಲ್ಲಿ ಈ ಬಿಸಿಯೇರಿಕೆ ಆಗಿತ್ತು. ಚಳಿ ಬಿದ್ದದ್ದು ಮೂರರಿಂದ ಆರು ವಾರ ಬಿಟ್ಟು. ಆದರೆ ಪ್ರತಿ ಸಲವೂ ಚಳಿ ಅಮೆರಿಕಕ್ಕೇ ಇಳಿಯಬೇಕು ಅಂತಿಲ್ಲ. ಯುರೋಪಿನ ಕಡೆಗೋ ಸೈಬೀರಿಯಾದ ಕಡೆಗೋ ಹೋಗಬಹುದು. ಅದಕ್ಕೇ ನೀವು ಆ ಸುದ್ದಿ ನೋಡಿ ಈಗಲೇ ಗಾಬರಿಯಾಗಬೇಡಿ.

ಇನ್ನು ಹಿಮ. ಇಲ್ಲಿ ನಮ್ಮ ಕೊಡಗಿನ ತೋಟದವರಿಗೆ ಒಂದು ಅನುಕೂಲ ಇದೆ. ಬೇರೆ ಊರಿನವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ನಾವು ಇನ್ನೂ ಇಂಚು, ಸೆಂಟ್ ಅಂತಲೇ ಹೇಳುತ್ತೇವೆ. ನೂರು ಸೆಂಟ್‌ಗೆ ಒಂದು ಇಂಚು. ಬೆಳಿಗ್ಗೆ ಎದ್ದು ಅಳತೆ ಪಾತ್ರೆ ನೋಡಿ ‘ರಾತ್ರಿ ನಲವತ್ತು ಸೆಂಟ್ ಬಂತು’ ಅಂತ ಪಕ್ಕದ ತೋಟದವರಿಗೆ ಫೋನ್ ಮಾಡುತ್ತೇವೆ ಅಲ್ವಾ. ಅಮೆರಿಕದವರ ಹಿಮದ ಲೆಕ್ಕವೂ ಇದೇ. ಮೊದಲು ಎಷ್ಟು ನೀರು ಬರುತ್ತದೆ ಅಂತ ಇಂಚಿನ ನೂರನೇ ಭಾಗದಲ್ಲಿ ಅಂದಾಜು ಮಾಡುತ್ತಾರೆ. ಆಮೇಲೆ ಆ ನೀರು ಹಿಮವಾಗಿ ಎಷ್ಟು ಉಬ್ಬುತ್ತದೆ ಅಂತ ನೋಡುತ್ತಾರೆ.

ಹಳೇ ಲೆಕ್ಕದಲ್ಲಿ ಒಂದಕ್ಕೆ ಹತ್ತು. ಹತ್ತು ಸೆಂಟ್ ನೀರಿಗೆ ಒಂದು ಇಂಚು ಹಿಮ. ಆದರೆ ಇದು ಬರೀ ಸರಾಸರಿ. ಸೊನ್ನೆಯ ಹತ್ತಿರ ಬೀಳುವ ಒದ್ದೆ ಹಿಮ ಒಂದಕ್ಕೆ ಐದೇ ಆಗಬಹುದು. ಆರ್ಕ್ಟಿಕ್ ಗಾಳಿಯ ಅಂಚಿನಲ್ಲಿ ಬೀಳುವ ಒಣ ಹಿಮ ಒಂದಕ್ಕೆ ಇಪ್ಪತ್ತು, ಇನ್ನೂ ಜಾಸ್ತಿಯೂ ಆಗಬಹುದು. ಹಿಮದ ಹರಳು ನಕ್ಷತ್ರದ ಹಾಗೆ ಕವಲೊಡೆದು ಬೆಳೆಯುವುದು ಮೋಡದೊಳಗೆ ಸುಮಾರು ಮೈನಸ್ 12ರಿಂದ ಮೈನಸ್ 18 ಡಿಗ್ರಿ ಇರುವ ಪದರದಲ್ಲಿ. ಗಾಳಿ ಅಲ್ಲೇ ಮೇಲೇರುತ್ತಿದ್ದರೆ ಹರಳುಗಳು ಹತ್ತಿಯ ಹಾಗೆ ಉಬ್ಬಿ ಬರುತ್ತವೆ. ಆ ಪದರ ತಪ್ಪಿದರೆ ಸಣ್ಣ ಕಡ್ಡಿ, ಸಣ್ಣ ಬಿಲ್ಲೆಗಳಾಗಿ ಒತ್ತೊತ್ತಾಗಿ ಕೂರುತ್ತವೆ. ಉಷ್ಣತೆ, ತೇವ ಬದಲಾದಂತೆ ಹರಳಿನ ಆಕಾರ ಬದಲಾಗುವುದನ್ನು ಪ್ರಯೋಗ ಮಾಡಿ ತೋರಿಸಿದವರು ಜಪಾನಿನ ಉಕಿಚಿರೊ ನಕಾಯ. 1936ರಲ್ಲಿ ಅವರು ಹೊಕ್ಕೈಡೊದಲ್ಲಿ ಒಂದು ಮೊಲದ ಕೂದಲಿನ ತುದಿಯಲ್ಲಿ ಮೊದಲ ಕೃತಕ ಹಿಮದ ಹರಳು ಬೆಳೆಸಿದರು.

ಒಂದು ಬೆಳಗಿನ ಮಾತು ಹೇಳುತ್ತೇನೆ. ಮನೆ ಹಿಂದೆ ಹುಲ್ಲಿನ ಮೇಲೆ ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ ಇಟ್ಟಿದ್ದೆ. ಅಲ್ಲಿ ಹಿಮ ಅಳೆಯುವುದು ಅಂಥ ಹಲಗೆಯ ಮೇಲೆ. ರಾತ್ರಿ ಸದ್ದಿಲ್ಲದೆ ಬಿದ್ದಿತ್ತು. ಬೂಟಿನ ಕೆಳಗೆ ಕಿರ್ ಕಿರ್ ಅನ್ನುವ ಸದ್ದು. ಉಸಿರೆಳೆದರೆ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಚುಚ್ಚುತ್ತಿತ್ತು. ಕರಿ ಕೋಟಿನ ತೋಳಿನ ಮೇಲೆ ಬಿದ್ದ ಹರಳುಗಳು ಕರಗದೆ ಕೂತಿದ್ದವು, ಆರು ಕವಲು ಎಣಿಸುವಷ್ಟು ಸ್ಪಷ್ಟ. ಪಟ್ಟಿ ಇಳಿಸಿದರೆ ಒಂದೂಮುಕ್ಕಾಲು ಇಂಚು. ಮಳೆಮಾಪಕದ ಡಬ್ಬಿಯನ್ನು ಒಳಗೆ ತಂದೆ. ಅಳೆದ ಬಿಸಿನೀರು ಹಾಕಿ ಹಿಮ ಕರಗಿಸಿ, ಹಾಕಿದ ನೀರನ್ನು ಕಳೆದು ನೋಡಿದರೆ ಉಳಿದದ್ದು ಎಂಟೇ ಸೆಂಟ್. ಒಂದಕ್ಕೆ ಇಪ್ಪತ್ತೆರಡರ ಹತ್ತಿರ. ನಮ್ಮ ಅಂಗಳದಲ್ಲಿ ಎಂಟು ಸೆಂಟ್ ಮಳೆ ಬಂದರೆ ಕಣದಲ್ಲಿರುವ ಕಾಫಿ ಒಟ್ಟುಮಾಡಿ ಟಾರ್ಪಾಲ್ ಹೊದಿಸುವಷ್ಟರಲ್ಲಿ ನಿಂತೇ ಹೋಗಿರುತ್ತದೆ. ಅಲ್ಲಿ ಅಷ್ಟೇ ನೀರು ರಸ್ತೆಯಲ್ಲಿ ಕಾರುಗಳನ್ನು ಸಾಲಾಗಿ ಜಾರಿಸಿತ್ತು.

ಈಗ ಮುನ್ಸೂಚಕರ ಕಷ್ಟ ನೋಡಿ. ಮಾದರಿ ‘ಹದಿನೈದು ಸೆಂಟ್’ ಅಂದಿತು ಅಂತಿಟ್ಟುಕೊಳ್ಳಿ. ಬಂದದ್ದು ಐದು ಸೆಂಟ್. ತಪ್ಪಿದ್ದು ಹತ್ತು ಸೆಂಟ್ ಮಾತ್ರ. ಮಳೆಯಲ್ಲಾದರೆ ಯಾರೂ ಕೇಳುವುದಿಲ್ಲ. ಜುಲೈಯಲ್ಲಿ ಭಾಗಮಂಡಲದಲ್ಲಿ ಹತ್ತು ಸೆಂಟ್ ಹೆಚ್ಚು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಒಣ ಹಿಮದಲ್ಲಿ ಅದೇ ಹತ್ತು ಸೆಂಟ್ ಎರಡು ಇಂಚು. 3 ಇಂಚು ಅಂದದ್ದು 1 ಇಂಚಾಗಿ ಇಳಿಯುತ್ತದೆ. ನಿಮಗೆ ಇದರ ಬಿಸಿ ಕಾಫಿ ಹೂ ಅರಳಿಸುವ ಹೂಮಳೆಯಲ್ಲಿ ತಟ್ಟಿರುತ್ತದೆ. ಮಾರ್ಚಿನಲ್ಲಿ ಒಂದು ಇಂಚು ಬೇಕಾದ ಕಡೆ ಇಪ್ಪತ್ತು ಸೆಂಟ್ ಹನಿದು ಹೋದರೆ ಮೊಗ್ಗಿನ ಗತಿ ಏನು ಅಂತ ನಿಮಗೆ ಹೇಳಬೇಕಿಲ್ಲ. ಸಣ್ಣ ಮಳೆಯನ್ನು ಹೇಳುವುದೇ ದೊಡ್ಡ ಮಳೆಯನ್ನು ಹೇಳುವುದಕ್ಕಿಂತ ಕಷ್ಟ. ಕೆಲವು ಸಲ ಬೆಳೆಗಾರನಿಗೆ ಆ ಸಣ್ಣದೇ ಮುಖ್ಯ.

ನಿಮ್ಮ ಗುರುವಾರದ ಹಿಮ ಬಹುಶಃ ‘ಆಲ್ಬರ್ಟಾ ಕ್ಲಿಪ್ಪರ್’ ಅನ್ನುವ ಜಾತಿಯದು. ಕೆನಡಾದ ಆಲ್ಬರ್ಟಾದಲ್ಲಿ, ರಾಕಿ ಬೆಟ್ಟಗಳ ಮಗ್ಗುಲಲ್ಲಿ ಹುಟ್ಟುವ ಸಣ್ಣ ವಾಯುಭಾರ ಕುಸಿತ. ಸಮುದ್ರದಿಂದ ದೂರ, ಹಾಗಾಗಿ ತೇವ ಕಡಿಮೆ. ಓಟ ಮಾತ್ರ ಜೋರು, ಒಂದೆರಡು ದಿನದಲ್ಲಿ ಅಮೆರಿಕ, ಕೆನಡಾ ಗಡಿಯ ದೊಡ್ಡ ಸರೋವರಗಳನ್ನು (ಗ್ರೇಟ್ ಲೇಕ್ಸ್) ಮುಟ್ಟಿಬಿಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ಇಂಚು ಹಿಮ ಉದುರಿಸಿ, ಹಿಂದೆಯೇ ಆರ್ಕ್ಟಿಕ್ ಗಾಳಿಯನ್ನು ಎಳೆದು ತರುತ್ತದೆ. ಅದು ಹಿಮ ಚೆಲ್ಲುವ ಪಟ್ಟಿ ಕಿರಿದು. ದಾರಿ ನೂರು ಕಿಲೋಮೀಟರ್ ಪಕ್ಕಕ್ಕೆ ಸರಿದರೆ ನಿಮ್ಮ ಮಗಳ ಮನೆಗೆ ಬರಬೇಕಾದ ಹಿಮ ಬೇರೆಯವರ ಮನೆಗೆ ಹೋಗುತ್ತದೆ. ಕುಸಿತ ಇನ್ನೂ ಪೆಸಿಫಿಕ್ ಸಮುದ್ರದ ಮೇಲೆ ಬರೀ ಒಂದು ಸುಳಿವಾಗಿ ಇರುವಾಗಲೇ ಫೋನು ಇಂಚಿನ ಲೆಕ್ಕ ಹೇಳಲು ಶುರುಮಾಡುತ್ತದೆ. ಅಲ್ಲಿ ಅಳೆಯುವ ಬಲೂನುಗಳೂ ಕಮ್ಮಿ.

ಇನ್ನೊಂದು ಮೋಸ ಇದೆ. ನಾನೇ ಅದರಲ್ಲಿ ಬಿದ್ದಿದ್ದೆ. ಪಕ್ಕದ ಮನೆಯ ಅಜ್ಜಿಗೆ ‘ಮಧ್ಯಾಹ್ನದ ಹೊತ್ತಿಗೆ ಮೂರು ಇಂಚು ಬೀಳುತ್ತದೆ, ಆಸ್ಪತ್ರೆಗೆ ನಾಳೆ ಹೋಗಿ’ ಅಂದಿದ್ದೆ. ರೇಡಾರ್‌ನಲ್ಲಿ ನಮ್ಮ ಊರಿನ ಮೇಲೆ ಮೂರು ಗಂಟೆ ಹಿಮ ಕಾಣುತ್ತಿತ್ತು. ನೆಲದ ಮೇಲೆ ಒಂದು ಹರಳೂ ಇಲ್ಲ. ಮೇಲೆ ಹಿಮ ಬೀಳುತ್ತಲೇ ಇತ್ತು, ಆದರೆ ಕೆಳಗೆ ಕೂತಿದ್ದ ಆರ್ಕ್ಟಿಕ್ ಗಾಳಿ ಎಷ್ಟು ಒಣಗಿತ್ತೆಂದರೆ ದಾರಿಯಲ್ಲೇ ಎಲ್ಲವನ್ನೂ ಹೀರಿಬಿಟ್ಟಿತು. ಅಜ್ಜಿ ವೈದ್ಯರನ್ನು ಕಾಣುವುದು ಒಂದು ವಾರ ಮುಂದಕ್ಕೆ ಹೋಯಿತು. ಅವತ್ತಿನಿಂದ ನಾನು ಸಣ್ಣ ಹಿಮದ ವಿಷಯದಲ್ಲಿ ಒಂದೇ ಅಂಕಿ ಹೇಳುವುದನ್ನು ಬಿಟ್ಟೆ. ‘ಏನೂ ಇಲ್ಲದಿಂದ ಮೂರು ಇಂಚಿನವರೆಗೆ, ಹೆಚ್ಚಾಗಿ ಒಂದು’ ಅಂತ ಹೇಳುತ್ತೇನೆ. ಕೇಳುವವರಿಗೆ ಇಷ್ಟವಾಗುವುದಿಲ್ಲ, ಆದರೆ ಅದೇ ಸತ್ಯ.

ನಿಮ್ಮ ಫೋನು ಸಾಮಾನ್ಯವಾಗಿ ಒಂದೇ ಅಂಕಿ ತೋರಿಸುತ್ತದೆ. ಅದೇ ತೊಂದರೆ. ಅಮೆರಿಕದ ಮಾದರಿ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಪ್ರತಿ ಸಲ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಹೊಸ ಅಂಕಿ ಬಂದ ಕೂಡಲೇ ಹಳೆಯದು ಮಾಯ. ಮುನ್ಸೂಚಕರು ಹಾಗೆ ಒಂದನ್ನೇ ನೆಚ್ಚುವುದಿಲ್ಲ. ಆರಂಭದ ಸ್ಥಿತಿಯನ್ನು ಚೂರು ಚೂರು ಬದಲಿಸಿ ಒಂದೇ ಲೆಕ್ಕವನ್ನು ಹತ್ತಾರು ಸಲ ಓಡಿಸುತ್ತಾರೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮುಖ್ಯ ಕಚೇರಿ ಇರುವ ಯುರೋಪಿನ ಮುನ್ಸೂಚನಾ ಕೇಂದ್ರ 1992ರಿಂದಲೇ ಹೀಗೆ ಮಾಡುತ್ತಿದೆ, ಈಗ ಪ್ರತಿ ಸಲ 51 ಲೆಕ್ಕ. ಐವತ್ತೊಂದರಲ್ಲಿ ನಲವತ್ತೆಂಟು ‘ಮೈನಸ್ 22ರಿಂದ 28’ ಅಂದರೆ ಚಳಿ ಗಟ್ಟಿ. ಅದೇ ಐವತ್ತೊಂದರಲ್ಲಿ ಇಪ್ಪತ್ತು ‘ಹಿಮ ಇಲ್ಲ’, ಹದಿನೆಂಟು ‘ಒಂದು ಇಂಚು’, ಉಳಿದವು ‘ನಾಲ್ಕು’ ಅಂದರೆ, ನಿಮಗೆ ಮೂರು ದಿನ ಮೂರು ಥರದ ಅಂಕಿ ಕಂಡದ್ದು ಯಾಕೆ ಅಂತ ಅರ್ಥವಾಗುತ್ತದೆ.

ಹಾಗಂತ ಚಳಿಯ ಅಂಕಿಯನ್ನೂ ಕೊನೆಯ ಡಿಗ್ರಿಯವರೆಗೆ ನಂಬಬೇಡಿ. ಹಿಮಕ್ಕೂ ಚಳಿಗೂ ಒಳಸಂಬಂಧ ಇದೆ. ಹೊಸ ಹಿಮ ಹಗಲು ಬಿಸಿಲಿನ ನೂರಕ್ಕೆ ಎಂಬತ್ತು ಪಾಲನ್ನೋ ಇನ್ನೂ ಹೆಚ್ಚನ್ನೋ ವಾಪಸ್ ಎಸೆಯುತ್ತದೆ. ರಾತ್ರಿ ನೆಲದ ಶಾಖ ಮೇಲಿನ ಗಾಳಿಗೆ ಮುಟ್ಟದ ಹಾಗೆ ಕಂಬಳಿಯಂತೆ ತಡೆಯುತ್ತದೆ. ಕ್ಲಿಪ್ಪರ್ ಎರಡು ಇಂಚು ಉದುರಿಸಿ ಹೋಗಿ, ಹಿಂದೆಯೇ ಆಕಾಶ ತೊಳೆದಂತಾಗಿ, ಗಾಳಿಯೂ ನಿಂತರೆ ಮೈನಸ್ 25 ಅಂದ ಕಡೆ ಮೈನಸ್ 29 ಆಗಬಹುದು. ತೆಳು ಮೋಡ ಉಳಿದರೆ ಮೈನಸ್ 20ಕ್ಕೇ ನಿಲ್ಲಬಹುದು. ಆಕಾಶ, ಗಾಳಿ, ನೆಲ. ನಿಮ್ಮ ಗದ್ದೆಯ ಚಳಿಯನ್ನು ಅಂದಾಜು ಮಾಡಲೂ ಇವೇ ಮೂರು ಸಾಕು.

‘ಅನುಭವಕ್ಕೆ ಮೈನಸ್ 37’ ಅನ್ನುವುದು ಗಾಳಿಯ ಹೊಡೆತ ಸೇರಿಸಿದ ಲೆಕ್ಕ. ಮೈಯ ಸುತ್ತ ನಮ್ಮದೇ ಶಾಖದ ಒಂದು ತೆಳು ಪದರ ಇರುತ್ತದೆ. ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಮೈನಸ್ 25ರಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಸುಮಾರು ಮೈನಸ್ 37ರ ಹಾಗೆ. ಆ ಮಟ್ಟದಲ್ಲಿ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಮೊದಲು ಕಿವಿ, ಮೂಗಿನ ತುದಿ, ಬೆರಳು. ನೋವಿಲ್ಲದೆ ಮರಗಟ್ಟುವುದರಿಂದ ನಮಗೇ ಗೊತ್ತಾಗುವುದಿಲ್ಲ. ನಿಮ್ಮವರ ಮೂಗು ಬಿಳಿಚಿಕೊಂಡಿತಾ ಅಂತ ನೀವು ನೋಡಿ, ನಿಮ್ಮದನ್ನು ಅವರು ನೋಡಲಿ. ಮಗಳು ಫೋನಿನಲ್ಲಿ ‘ಇವತ್ತು ಇಪ್ಪತ್ತು ಅಪ್ಪ, ಪರವಾಗಿಲ್ಲ’ ಅಂದರೆ ಅದು ಫ್ಯಾರನ್‌ಹೀಟ್ ಅಂತ ನೆನಪಿಡಿ. ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 7.

ಇನ್ನು ನಿಮ್ಮ ಗದ್ದೆ. ನಮ್ಮ ಭಾಷೆಯಲ್ಲೇ ಒಂದು ಗೊಂದಲ ಇದೆ. ‘ಮಂಜು’ ಅಂದರೆ ನಮಗೆ ಬೆಳಗಿನ ಮುಸುಕು, ಮಗಳು ಹೇಳುವಾಗ ಆಕಾಶದಿಂದ ಬೀಳುವ ಹಿಮ. ಎರಡಕ್ಕೂ ಒಂದೇ ಪದ. ನೀವು ನೋಡುತ್ತಿರುವುದು ಬಹುಮಟ್ಟಿಗೆ ಇಬ್ಬನಿ ಮತ್ತು ನೆಲಮಂಜು. ಬೆಳಿಗ್ಗೆ ಆರು ಗಂಟೆಗೆ ಹೋಗಿ ಹುಲ್ಲನ್ನು ಮುಟ್ಟಿ ನೋಡಿ. ಬೆರಳು ಸುಮ್ನೆ ಒದ್ದೆಯಾದರೆ ಇಬ್ಬನಿ. ಉಗುರಿನಿಂದ ಕೆರೆದರೆ ಉಪ್ಪಿನ ಪುಡಿಯ ಹಾಗೆ ಬಂದರೆ ಹೆಪ್ಪುಗಟ್ಟಿದ ಇಬ್ಬನಿ. ಊಟಿಯಲ್ಲಿ, ಮುನ್ನಾರಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಹುಲ್ಲು ಬೆಳ್ಳಗಾಗುವುದು ಹೀಗೆ. ಅದು ನೆಲದಲ್ಲೇ ಆಗುವಂಥದ್ದು. ಮೇಲಿನಿಂದ ಏನೂ ಬಿದ್ದಿರುವುದಿಲ್ಲ.

ಹಿಮ ಬೀಳಬೇಕಾದರೆ ಮೋಡದಿಂದ ನೆಲದ ಹತ್ತಿರದವರೆಗೂ ಸೊನ್ನೆ ಆಸುಪಾಸಿನ ಚಳಿ ಇರಬೇಕು, ಜೊತೆಗೆ ಮಳೆ ತರುವ ಮೋಡವೂ ಇರಬೇಕು. ಜನವರಿಯಲ್ಲೂ ನಮ್ಮ ತಲೆಯ ಮೇಲೆ ಸೊನ್ನೆ ಡಿಗ್ರಿ ಸಿಗುವುದು ಸುಮಾರು ನಾಲ್ಕೂವರೆ, ಐದು ಸಾವಿರ ಮೀಟರ್ ಎತ್ತರದಲ್ಲಿ. ತಡಿಯಂಡಮೋಳ್ 1,748 ಮೀಟರ್. ಇನ್ನೂ ಸುಮಾರು ಮೂರು ಕಿಲೋಮೀಟರ್ ಬಾಕಿ. ಅಲ್ಲದೆ ನಮ್ಮ ತಣ್ಣನೆ ರಾತ್ರಿಗಳು ಆಕಾಶ ಸ್ವಚ್ಛ ಇರುವ ರಾತ್ರಿಗಳು. ಮೋಡ ಬಂದ ಗಳಿಗೆಯೇ ಚಳಿ ಸಡಿಲವಾಗುತ್ತದೆ. ಎರಡೂ ಇಲ್ಲಿ ಕೂಡುವುದಿಲ್ಲ. ಏಪ್ರಿಲ್, ಮೇಯಲ್ಲಿ ‘ಕೊಡಗಿನಲ್ಲಿ ಹಿಮಪಾತ’ ಅಂತ ವಾಟ್ಸಾಪಿನಲ್ಲಿ ಓಡಾಡುವುದು ಆಲಿಕಲ್ಲು. ಬಿಸಿಲಿಗೆ ಹತ್ತು, ಹದಿನೈದು ಕಿಲೋಮೀಟರ್ ಎತ್ತರ ಬೆಳೆದ ಗುಡುಗು ಮೋಡದೊಳಗೆ ಹುಟ್ಟುವ ಗಡ್ಡೆ ಅದು, ಚಳಿಗಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಿಮದ ಭಯ ಬಿಡಿ. ಕಣದ ಕಾಫಿಗೆ ಮಾತ್ರ ರಾತ್ರಿ ಹೊದಿಕೆ ತಪ್ಪಿಸಬೇಡಿ, ಇಬ್ಬನಿ ಕುಡಿದ ಕಾಫಿ ಒಣಗಲು ದಿನ ಜಾಸ್ತಿ ಬೇಕು.

ಪ್ರಯಾಣಕ್ಕೆ ಹೀಗೆ ಮಾಡಿ. 18ರಿಂದ 20ನೇ ತಾರೀಕಿನೊಳಗೆ ಚಳಿಯ ಅಂದಾಜು ನೋಡಿ, ಬಟ್ಟೆಯ ತೀರ್ಮಾನ ಮುಗಿಸಿ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ, ಮೇಲೆ ಗಾಳಿ ತಡೆಯುವ ಕೋಟು ಒಳ್ಳೆಯದು. ಮೈಗೆ ತಾಗುವ ಪದರ ಹತ್ತಿಯದು ಬೇಡ, ಬೆವರು ಹಿಡಿದಿಟ್ಟುಕೊಂಡು ತಣ್ಣಗಾಗುತ್ತದೆ. ಹಿಮದ ಇಂಚನ್ನು 23ರವರೆಗೆ ನೋಡಲೇಬೇಡಿ. ನೋಡುವಾಗಲೂ ಫೋನಿನ ಚಿತ್ರ ಬಿಟ್ಟು ಅಮೆರಿಕದ ನ್ಯಾಷನಲ್ ವೆದರ್ ಸರ್ವಿಸ್‌ನ ಮಿನಿಯಾಪೊಲಿಸ್ ಪುಟ ತೆರೆಯಿರಿ. ಅಲ್ಲಿ ಕಡಿಮೆ ಅಂದರೆ ಎಷ್ಟು, ಹೆಚ್ಚು ಅಂದರೆ ಎಷ್ಟು ಅಂತ ಎರಡೂ ತುದಿ ಕೊಡುತ್ತಾರೆ. ಮುನ್ಸೂಚಕರು ತಮ್ಮ ಅನುಮಾನಗಳನ್ನೂ ಬಿಚ್ಚಿ ಬರೆದಿರುತ್ತಾರೆ, ಮಗಳ ಹತ್ತಿರ ಓದಿಸಿಕೊಳ್ಳಿ.

ದಾರಿಯಲ್ಲಿ ಷಿಕಾಗೊದಂಥ ಊರಿನಲ್ಲಿ ವಿಮಾನ ಬದಲಿಸಬೇಕಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ. ಅರ್ಧ ಇಂಚು ಹಿಮಕ್ಕೂ ವಿಮಾನ ತಡವಾಗುತ್ತದೆ. ರೆಕ್ಕೆಯ ಮೇಲೆ ತೆಳುವಾಗಿ ಹಿಮ ಅಂಟಿದ್ದರೂ ಬಿಸಿ ದ್ರವ ಸಿಂಪಡಿಸಿ ಅದನ್ನು ಕಳೆಯದೆ ಮೇಲೇರುವಂತಿಲ್ಲ, ಅದಕ್ಕೆ ವಿಮಾನಗಳು ಸಾಲು ನಿಲ್ಲಬೇಕು. ಇಳಿದ ಮೇಲೆ ಮಗಳು ಕಾರು ತರುವವರೆಗೆ ಬಾಗಿಲ ಒಳಗೇ ನಿಂತಿರಿ. ಕೋಟು, ಟೋಪಿ, ಕೈಗವಸುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ನಿಮ್ಮ ಜೊತೆಗೇ ಬಂದು ಸೇರುತ್ತದೆ ಅಂತ ಹೇಳಲಾಗದು.